ಹೋಸ್ ಕ್ರಿಂಪ್ ಮಾಡುವಾಗ ಡೈ ನೋಡಿ

ಶಹಾಬಾದ್ ಕಡೆಯ ಕಲ್ಲಿನ ಗಣಿಗಳಲ್ಲಿ ಜೆಸಿಬಿಯ ಹೈಡ್ರಾಲಿಕ್ ಎಣ್ಣೆ ಹೋಸ್ ಒಡೆದರೆ ನಮ್ಮ ಕಲಬುರಗಿ ಅಂಗಡಿಗೆ ತರುತ್ತಾರೆ. ಬಂದವರು ಕೇಳುವುದು ಒಂದೇ, "ಅಣ್ಣಾ, ಲಗೂ ಮಾಡಿ ಕೊಡ್ರಿ". ಲಗೂ ಮಾಡಬಹುದು. ಆದರೆ ಡೈ, ಅಂದರೆ ತುದಿಯ ಫಿಟ್ಟಿಂಗನ್ನು ಹೋಸ್ ಮೇಲೆ ಸುತ್ತಲಿಂದ ಒತ್ತಿ ಬಿಗಿಸುವ (ಕ್ರಿಂಪ್ ಮಾಡುವ) ಅಚ್ಚಿನ ತುಂಡುಗಳು, ತಪ್ಪಾದರೆ ಅದೇ ಹೋಸ್ ಮತ್ತೆ ಬರುತ್ತದೆ.

ಅರ್ಧ ಇಂಚು ಹೋಸ್ ಅಂದರೆ ಒಳಗಿನ ರಂಧ್ರದ ಅಳತೆ ಅಷ್ಟೇ. ಆರ್1 ಅನ್ನುವ ಬಗೆಯ ಹೋಸಿನಲ್ಲಿ ತಂತಿಯ ಹೆಣಿಗೆ ಒಂದು ಪದರ, ಆರ್2ರಲ್ಲಿ ಎರಡು, ಹಾಗಾಗಿ ಹೊರಗಿನ ದಪ್ಪ ಬೇರೆ, ಫೆರೂಲ್ (ಹೋಸ್ ತುದಿಯ ಹೊರಗೆ ಕೂರುವ ಲೋಹದ ಬಳೆ) ಬೇರೆ, ಕೊನೆಗೆ ಒತ್ತಬೇಕಾದ ಅಳತೆಯೂ ಬೇರೆ. ಅದನ್ನು ಫಿಟ್ಟಿಂಗ್ ಕಂಪನಿಯ ಚಾರ್ಟ್‌ನಲ್ಲೇ ನೋಡಬೇಕು. ಅಂದಾಜು ಬೇಡ. ಕಮ್ಮಿ ಒತ್ತಿದರೆ ಪ್ರೆಶರ್‌ಗೆ ಫಿಟ್ಟಿಂಗ್ ಕಿತ್ತು ಬರುತ್ತದೆ, ಜಾಸ್ತಿ ಒತ್ತಿದರೆ ಹೋಸ್ ಒಳಗೆ ಕೂರುವ ಫಿಟ್ಟಿಂಗಿನ ಕೊಳವೆ (ನಿಪ್ಪಲ್) ಕುಗ್ಗುತ್ತದೆ, ರಬ್ಬರ್ ಹಾಳಾಗುತ್ತದೆ.

ಡೈ ಕೂರಿಸುವ ಮೊದಲು ಮಷೀನಿನಲ್ಲಿ ಅದು ಕೂರುವ ಗೂಡು ಒರೆಸಿ. ಎಲ್ಲಾ ತುಂಡುಗಳೂ ಒಂದೇ ಸೆಟ್‌ನವೇ ಅಂತ ನಂಬರ್ ನೋಡಿ. ಒಂದು ಸವೆದಿದೆ ಅಂತ ಅದೊಂದನ್ನೇ ಬದಲಿಸುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ, ಫೆರೂಲ್ ದುಂಡಗೆ ಬರುವುದೇ ಇಲ್ಲ. ಒತ್ತಿದ ಮೇಲೆ ವರ್ನಿಯರ್ ಹಿಡಿದು ಮೂರ್ನಾಲ್ಕು ಕಡೆ ಅಳೆಯಿರಿ, ಡೈ ತುಂಡುಗಳ ನಡುವೆ ಏಳುವ ಗೆರೆಯ ಉಬ್ಬಿನ ಮೇಲಲ್ಲ, ಡೈ ಒತ್ತಿದ ಜಾಗದ ಮೇಲೆ.

ಮತ್ತೆ, ಸೋರುತ್ತಿದೆಯಾ ಅಂತ ಕೈಯಿಟ್ಟು ನೋಡಲೇಬೇಡಿ, ರಟ್ಟಿನ ತುಂಡು ಹಿಡಿಯಿರಿ. ಆ ಪ್ರೆಶರ್‌ನಲ್ಲಿ ಎಣ್ಣೆ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ಹೋಯಿತು ಅಂತ ಅನುಮಾನ ಬಂದರೂ ಸಾಕು, ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಓಡಬೇಕು.