ಮೋಟರ್ ಅಸಲಿ, ಪೆಟ್ಟಿಗೆ ನಕಲಿ

ಹಳೇ ಗಡಿಯಾರ, ಗ್ರಾಮಫೋನ್ ರಿಪೇರಿ ಮಾಡುವ ಅಂಗಡಿಯಲ್ಲಿ ನನಗೆ ಕೆಲಸ. ಸೇರಿದ ಎರಡನೇ ವರ್ಷಕ್ಕೇ ಯಜಮಾನರ ದುಡ್ಡು ಕಳೆದೆ. ಅದರ ಕತೆ ಇದು.

ಅವತ್ತು ಯಜಮಾನರು ಊರಲ್ಲಿರಲಿಲ್ಲ. ಗುಜರಿ ಮಾಲು ತರುವವನೊಬ್ಬ ಕಪ್ಪು ರೆಕ್ಸಿನ್ ಹೊದಿಸಿದ ಸೂಟ್‌ಕೇಸ್ ಗ್ರಾಮಫೋನ್ ಹಿಡಿದು ಬಂದ. ಎಚ್‌ಎಂವಿ 101 ಅಂದ. ಎಚ್‌ಎಂವಿ ಕಂಪನಿಯ, 1925ರಲ್ಲಿ ಬಂದ ಮಾಡೆಲ್ ಅದು, 1931ರಲ್ಲಿ ಅದರ ಜಾಗಕ್ಕೆ 102 ಬಂತು. ನಾನು ದೊಡ್ಡ ಜಾಣನ ಹಾಗೆ ಹಲಗೆ ಎತ್ತಿ ಮೋಟರ್ ನೋಡಿದೆ. ಹಳೇದೇ. ಗ್ರೀಸು ಒಣಗಿ ಡಾಂಬರಾಗಿತ್ತು, ವೇಗ ಹಿಡಿತದಲ್ಲಿಡುವ ಗವರ್ನರ್‌ನ ಮೂರು ಗುಂಡೂ ಸರಿಯಾಗಿದ್ದವು. ಕೀ ಕೊಟ್ಟೆ, ಪ್ಲೇಟು ಹಾಡಿತು. ಇನ್ನೇನು ಬೇಕು ಅಂತ ದುಡ್ಡು ಎಣಿಸಿ ಕೊಟ್ಟುಬಿಟ್ಟೆ.

ವಾರ ಬಿಟ್ಟು ಮೈಸೂರಿಂದ ಒಬ್ಬ ಹಿರಿಯರು ಬಂದರು, ಬಹಳ ವರ್ಷದಿಂದ ಗ್ರಾಮಫೋನ್ ಕೂಡಿಡುವವರು. ಹಾಡಿಸಿ ನೋಡಲೂ ಇಲ್ಲ. ಮುಚ್ಚಳ ತೆಗೆದು ಮೂಸಿದರು.

"ಏನಪ್ಪಾ, ಫೆವಿಕಾಲ್ ವಾಸನೆ ಬರ್ತಿದೆಯಲ್ಲ?"

ಆಮೇಲೆ ಸ್ಕ್ರೂಗಳ ಕಡೆ ಬೆರಳು ತೋರಿಸಿದರು. ಎಲ್ಲವೂ ಪ್ಲಸ್ ತಲೆಯವು. ಆ ಸ್ಕ್ರೂಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದೇ 1936ರಲ್ಲಿ, ಅಷ್ಟು ಹೊತ್ತಿಗೆ 101 ನಿಂತು ಐದು ವರ್ಷ ಆಗಿತ್ತು. ಒಂದೆರಡು ಪ್ಲಸ್ ಸ್ಕ್ರೂ ಇದ್ದರೆ ಯಾರೋ ನಮ್ಮಂಥವರು ರಿಪೇರಿ ಮಾಡಿದ್ದಾರೆ ಅಂದುಕೊಳ್ಳಬಹುದು. ಎಲ್ಲಾ ಅದೇ ಆದರೆ ಪೆಟ್ಟಿಗೆನೇ ಹೊಸದು.

ನಾನು ಮೋಟರ್ ಹಳೇದು ಸಾರ್ ಅಂತ ವಾದಕ್ಕಿಳಿದೆ. ಅವರು ನಕ್ಕರು. ಮೋಟರ್ ಹಳೇದೇ ಇರುತ್ತೆ, ಅದೇ ಈ ನಕಲಿಯವರ ಆಟ ಅಂದರು.

ಪ್ರವಾಸಿಗಳಿಗೆ ಮಾರುವ ಗ್ರಾಮಫೋನ್ ನೋಡಿರುತ್ತೀರಿ, ಎಂಟು ಮೂಲೆ ಪೆಟ್ಟಿಗೆ, ಮೇಲೆ ಫಳಫಳ ಹೊಳೆಯುವ ಹಿತ್ತಾಳೆ ಕಹಳೆ, ಮುಂದೆ ನಾಯಿ ಚಿತ್ರ. ಅವುಗಳಲ್ಲಿ ಎಷ್ಟಕ್ಕೋ ಮೋಟರು, ತೋಳು ಬರುವುದು ಹಳೇ ಸೂಟ್‌ಕೇಸ್ ಗ್ರಾಮಫೋನ್‌ಗಳನ್ನು ಬಿಚ್ಚಿ. ಒಂದು ಒಳ್ಳೇ ಯಂತ್ರ ಕೊಂದು ಒಂದು ಶೋಪೀಸ್ ಮಾಡುವುದು! ಗೊತ್ತಿದ್ದು ಶೋಕೇಸಿಗೆ ಅಂತ ಕೊಂಡರೆ ನನ್ನದೇನೂ ತಕರಾರಿಲ್ಲ, ಹಳೇದು ಅಂತ ಹೇಳಿ ಮಾರಬಾರದು ಅಷ್ಟೇ. ಅಂದಹಾಗೆ 101, 102ರ ಕಹಳೆ ಪೆಟ್ಟಿಗೆಯೊಳಗೇ ಮಡಚಿಕೊಂಡಿರುತ್ತದೆ. ಮೇಲೆ ಹಿತ್ತಾಳೆ ಕಹಳೆ ಚುಚ್ಚಿದ್ದರೆ ಮುಂದೆ ನೋಡೋದೇ ಬೇಡ.

ಈಗ ನಾನು ಬಿಡಿ ಭಾಗ ನೋಡಿ ಮರುಳಾಗುವುದಿಲ್ಲ. ಎಲ್ಲವೂ ಒಟ್ಟಿಗೆ ಮುದಿಯಾಗಿವೆಯಾ ಅಂತ ನೋಡುತ್ತೇನೆ. ಕೀ ಕೊಡುವ ಹ್ಯಾಂಡಲ್ ಸವೆದಿದ್ದರೆ ಅದು ಹೋಗುವ ತೂತಿನ ಸುತ್ತಲೂ ಸವೆದಿರಬೇಕು ಅಲ್ವಾ? ಹಿಡಿಕೆಯ ಕೆಳಗೆ, ಮೂಲೆಗಳಲ್ಲಿ ರೆಕ್ಸಿನ್ ತಿಕ್ಕಿಹೋಗಿರಬೇಕು. ಮೋಟರ್ ಕೂರುವ ಹಲಗೆಯ ಅಡಿಯಲ್ಲಿ ಎಣ್ಣೆ ಕುಡಿದ ಕಲೆ ಇರಬೇಕು. ನಾನು ಕೊಂಡದ್ದರಲ್ಲಿ ಹಲಗೆ ಬೆಳ್ಳಗೆ, ಈಗ ತಾನೇ ಕೊಯ್ದ ಹಾಗಿತ್ತು. ನಾನು ಮೋಟರ್ ನೋಡುವ ಸಂಭ್ರಮದಲ್ಲಿ ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದೂ ಗಮನಿಸಿರಲಿಲ್ಲ.

ಸೌಂಡ್ ಬಾಕ್ಸ್, ಅಂದರೆ ತೋಳಿನ ತುದಿಯಲ್ಲಿ ಸೂಜಿ ಹಿಡಿದು ಸದ್ದು ಹೊರಡಿಸುವ ದುಂಡನೆಯ ಭಾಗ, ಇನ್ನೊಂದು ಸುಳಿವು. 102ಕ್ಕೆ ಹೆಚ್ಚಾಗಿ ಇರುವುದು 5ಎ ಅಥವಾ 5ಬಿ ನಂಬರಿನದು. ನಕಲಿಯವರು 'ಎಕ್ಸಿಬಿಷನ್' ಅಂತ ಬರೆದ ಹೊಸ ಹಿತ್ತಾಳೆಯದ್ದನ್ನು ಸಿಕ್ಕಿಸುತ್ತಾರೆ. ಅಸಲಿ ಎಕ್ಸಿಬಿಷನ್ ಅದಕ್ಕಿಂತ ಎಷ್ಟೋ ಹಿಂದಿನ, ಹೊರಗಡೆ ಕಹಳೆ ಇದ್ದ ಕಾಲದ್ದು. ನಕಲಿಯ ಅಕ್ಷರ ಮೊಂಡು, ಅಂಚು ಒರಟು, ಬೆರಳಿಗೇ ಗೊತ್ತಾಗುತ್ತದೆ.

ಯಜಮಾನರು ಬಂದಾಗ ಎಲ್ಲಾ ಹೇಳಿದೆ. ಬೈಯಲಿಲ್ಲ. "ಪೆಟ್ಟಿಗೆ ಬಿಸಾಕು, ಮೋಟರ್ ಇಟ್ಕೋ" ಅಂದರು. ಅದನ್ನು ತೊಳೆದು, ಹೊಸ ಗ್ರೀಸು ತುಂಬಿ ಇಟ್ಟಿದ್ದೇನೆ. ಮೂರು ನಿಮಿಷದ ಪ್ಲೇಟನ್ನು ಒಂದೇ ಕೀಗೆ ಎಳೆಯದೆ ಮುಗಿಸುತ್ತದೆ. ಗುಜರಿಗೆ ಹೋದಾಗಲೆಲ್ಲ ಖಾಲಿ ಪೆಟ್ಟಿಗೆ ಕಂಡರೆ ತಿರುವಿ, ಸ್ಕ್ರೂ ತೂತುಗಳ ಅಳತೆ ಹಿಡಿಯುತ್ತೇನೆ. ಇನ್ನೂ ಯಾವುದೂ ಕೂತಿಲ್ಲ.