ಊರಿಗೆ ಕರ್ಫ್ಯೂ ಹಾಕಿ ಸಂವಿಧಾನ ತಿದ್ದಿದ ವಾರ

2020ರ ಅಕ್ಟೋಬರ್‌ನಲ್ಲಿ ನಾನು ಶ್ರೀಲಂಕಾದ ಕೊಲಂಬೊದಲ್ಲಿದ್ದೆ, ಬೆಂಗಳೂರಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಹೋದವನು, ವೆಲ್ಲವತ್ತೆಯಲ್ಲಿ ಒಂದು ಮನೆ ಮೇಲಿನ ರೂಮಲ್ಲಿ ಬಾಡಿಗೆಗಿದ್ದೆ. ತಿಂಗಳ ಶುರುವಲ್ಲೇ ಮಿನುವಂಗೊಡದ ಗಾರ್ಮೆಂಟ್ ಫ್ಯಾಕ್ಟರಿಯೊಂದರಲ್ಲಿ ಕೊರೊನಾ ಬಂತು, ನೋಡ್ತಾ ನೋಡ್ತಾ ಸಾವಿರ ದಾಟ್ತು, ಆಮೇಲೆ ಪೇಲಿಯಗೊಡ ಮೀನು ಮಾರ್ಕೆಟ್‌ನಿಂದ ಎಲ್ಲಾ ಕಡೆ ಹರಡ್ತು. 21ರ ರಾತ್ರಿ ಕೊಲಂಬೊ ಪಕ್ಕದ ಇಡೀ ಗಂಪಹ ಜಿಲ್ಲೆಗೆ ಕರ್ಫ್ಯೂ. ಮರುದಿನ ರಾತ್ರಿ ಪಾರ್ಲಿಮೆಂಟಲ್ಲಿ ಪ್ರೆಸಿಡೆಂಟ್ ಅಧಿಕಾರ ಹೆಚ್ಚಿಸೋ ಸಂವಿಧಾನದ 20ನೇ ತಿದ್ದುಪಡಿ ಪಾಸು, ಪರವಾಗಿ 156, ವಿರುದ್ಧ 65. ಚರ್ಚೆ ನಡೆದಿದ್ದು ಬರೀ ಎರಡು ದಿನ.

ಸಂವಿಧಾನ ಮುಟ್ಟಲೇಬಾರದು ಅಂತ ನಾನು ಹೇಳ್ತಿಲ್ಲ. ಪ್ರೆಸಿಡೆಂಟ್ ಅಧಿಕಾರ ಕಮ್ಮಿ ಮಾಡಿದ್ದ 2015ರ 19ನೇ ತಿದ್ದುಪಡಿಯಲ್ಲೂ ಗೊಂದಲ ಇತ್ತು, ಪ್ರೆಸಿಡೆಂಟು ಒಂದು ದಿಕ್ಕು ಪ್ರೈಮ್ ಮಿನಿಸ್ಟರು ಇನ್ನೊಂದು ದಿಕ್ಕು ಅಂತ ಆಗಿ 2019ರ ಈಸ್ಟರ್ ಬಾಂಬ್ ಆದಾಗ ಯಾರು ಹೊಣೆ ಅಂತಾನೇ ಗೊತ್ತಾಗ್ಲಿಲ್ಲ, ಅದಕ್ಕೇ ಜನ ಪ್ರೆಸಿಡೆಂಟ್ ಎಲೆಕ್ಷನ್ನಲ್ಲಿ ಗೊಟಬಯ ರಾಜಪಕ್ಸಗೆ ಓಟು ಹಾಕಿದ್ರು, 2020ರ ಆಗಸ್ಟ್ ಪಾರ್ಲಿಮೆಂಟ್ ಎಲೆಕ್ಷನ್ನಲ್ಲೂ ಅವರ ಪಾರ್ಟಿಗೆ 145 ಸೀಟು ಕೊಟ್ರು. ಆದ್ರೆ 20ನೇ ತಿದ್ದುಪಡಿಯ ಬಿಲ್ಲು ಜನರ ಕಣ್ಣಿಗೆ ಬಿದ್ದಿದ್ದು ಓಟು ಹಾಕಿ ಆದ ಮೇಲೆ. ಸುಪ್ರೀಂ ಕೋರ್ಟಿಗೆ 39 ಅರ್ಜಿ ಹೋದ್ವು, ಕ್ಯಾಥೊಲಿಕ್ ಬಿಷಪ್‌ಗಳು ಬೇಡ ಅಂದ್ರು, ಬೌದ್ಧ ಭಿಕ್ಷುಗಳ ದೊಡ್ಡ ನಿಕಾಯಗಳಲ್ಲೂ, ಅಂದ್ರೆ ಪಂಗಡಗಳಲ್ಲೂ, ವಿರೋಧ ಬಂತು. ಬೀದಿಗೆ ಬರೋದು ಮಾತ್ರ ಜನರಿಗೆ ಕಷ್ಟ ಆಗಿತ್ತು. ನಮ್ಮ ಓನರ್ ಆಂಟಿ ಟಿವಿ ಮುಂದೆ ಕೂತು ಕೇಳಿದ್ರು, "ಇದಕ್ಕೇನಪ್ಪಾ ಈಗ ಇಷ್ಟು ಅರ್ಜೆಂಟು?" ಅಂತ. ಅವರ ಮಗ ಕೂಲಿ ಇಲ್ಲದೆ ಮನೇಲಿದ್ದ, ಏಪ್ರಿಲಲ್ಲಿ ಸರ್ಕಾರ ಕೊಟ್ಟ 5000 ರೂಪಾಯಿ ಯಾವತ್ತೋ ಖರ್ಚಾಗಿತ್ತು.

ನನಗೆ ತುಂಬಾ ಸಿಟ್ಟು ಬರಿಸಿದ್ದು ಯಾರೂ ಜಾಸ್ತಿ ಮಾತಾಡದ ಒಂದು ಬದಲಾವಣೆ. ಜಡ್ಜುಗಳು, ಎಲೆಕ್ಷನ್ ಕಮಿಷನ್ನು ಇವರನ್ನೆಲ್ಲ ನೇಮಿಸೋಕೆ ಮುಂಚೆ ಸಾಂವಿಧಾನಿಕ ಮಂಡಳಿ ಒಪ್ಪಬೇಕಿತ್ತು, ಅದರಲ್ಲಿ ರಾಜಕೀಯದ ಹೊರಗಿನವರೂ ಇರ್ತಿದ್ರು. ಅದನ್ನ ತೆಗೆದು ಪಾರ್ಲಿಮೆಂಟಿನವರದೇ ಐದು ಜನರ ಮಂಡಳಿ ಮಾಡಿದ್ರು, ಅವರು ಅಭಿಪ್ರಾಯ ಹೇಳಬಹುದು ಅಷ್ಟೇ, ಪ್ರೆಸಿಡೆಂಟ್ ಕೇಳಲೇಬೇಕು ಅಂತಿಲ್ಲ. ಇದು ಎಲ್ಲರಿಗೂ ಗೊತ್ತಾಯ್ತು. ನಾನು ಹೇಳ್ತಿರೋದು ಅದರ ಜೊತೆಗೇ ಆಗಿದ್ದು, ರಾಷ್ಟ್ರೀಯ ಖರೀದಿ ಆಯೋಗಾನೂ ಹೋಯ್ತು, ಆಡಿಟ್ ಸೇವಾ ಆಯೋಗಾನೂ ಹೋಯ್ತು! ಟೆಸ್ಟಿಂಗ್ ಕಿಟ್ಟು, ಪಿಪಿಇ, ಔಷಧ, ನಾಳೆ ವ್ಯಾಕ್ಸಿನ್ನು, ಸರ್ಕಾರ ಅವಸರದಲ್ಲಿ ಕೋಟಿಗಟ್ಟಲೆ ಖರೀದಿ ಮಾಡೋ ವರ್ಷ ಅದು, ಖರೀದಿ ಮೇಲೆ ಕಣ್ಣಿಡೋರು ಬೇಕಾಗಿದ್ದೇ ಆಗ. ಫ್ಯಾಕ್ಟರೀಲಿ ಆರ್ಡರ್ ರಶ್ ಇರೋ ವಾರ ಚೆಕಿಂಗ್ ಟೇಬಲ್ ಎತ್ತಿಬಿಟ್ರೆ ಏನಾಗುತ್ತೆ ಅಂತ ನಮ್ಮ ಲೈನಿನ ಯಾವ ಟೈಲರ್ ಕೇಳಿದ್ರೂ ಹೇಳ್ತಾರೆ.

ಎರಡು ದೇಶದ ಪೌರತ್ವ ಇರೋರೂ ಸಂಸದರಾಗಬಹುದು ಅಂತ ಅದೇ ತಿದ್ದುಪಡಿ ಹೇಳ್ತು, ಗೊಟಬಯ ಅವರ ತಮ್ಮ, ಅಮೆರಿಕದ ಪೌರತ್ವ ಇದ್ದ ಬಾಸಿಲ್ ರಾಜಪಕ್ಸ 2021ರ ಜುಲೈನಲ್ಲಿ ಪಾರ್ಲಿಮೆಂಟಿಗೆ ಬಂದು ನೇರ ಹಣಕಾಸು ಮಂತ್ರಿಯಾದ್ರು. ಅದಕ್ಕೂ ಮೊದಲು, ಆ ವರ್ಷದ ಬೇಸಿಗೆಯಲ್ಲಿ, ರಾಸಾಯನಿಕ ಗೊಬ್ಬರದ ಆಮದು ಒಂದೇ ಏಟಿಗೆ ನಿಂತಿತ್ತು, ಭತ್ತದವರೂ ಟೀ ತೋಟದವರೂ ಕಂಗಾಲಾದ್ರು. ದೇಶ ದಿವಾಳಿಯಾಗಿದ್ದಕ್ಕೆ ತಿದ್ದುಪಡಿ ಒಂದೇ ಕಾರಣ ಅಂತ ನಾನು ಹೇಳಲ್ಲ, 2019ರ ಟ್ಯಾಕ್ಸ್ ಕಡಿತ, ಹಳೇ ಸಾಲ, ಟೂರಿಸಂ ನಿಂತಿದ್ದು ಎಲ್ಲಾ ಇದೆ. ಆದ್ರೆ ಬೇಡ ಅಂತ ಗಟ್ಟಿಯಾಗಿ ಹೇಳೋ ಜಾಗಗಳು ಒಂದೊಂದೇ ಕಮ್ಮಿ ಆಗಿದ್ವು, ಅದೂ ಜನ ಬಾಗಿಲು ಹಾಕ್ಕೊಂಡು ಮನೇಲಿದ್ದಾಗ.

2022ರ ಏಪ್ರಿಲ್ 12ಕ್ಕೆ ವಿದೇಶಿ ಸಾಲ ಕಟ್ಟೋಕಾಗಲ್ಲ ಅಂತ ಘೋಷಣೆ. ಅಷ್ಟೊತ್ತಿಗೆ ನಾನು ವಾಪಸ್ ಬಂದಿದ್ದೆ, ಆಂಟಿ ಫೋನಲ್ಲಿ ಗ್ಯಾಸ್ ಸಿಲಿಂಡರ್ ಕ್ಯೂ ಬಗ್ಗೆ ಹೇಳ್ತಿದ್ರು, ಎರಡು ದಿನ ನಿಂತ್ರೂ ಸಿಗಲಿಲ್ಲವಂತೆ. ಜುಲೈನಲ್ಲಿ ಗೊಟಬಯ ದೇಶ ಬಿಟ್ಟು ಹೋದ್ರು. ಅಕ್ಟೋಬರ್ 21ಕ್ಕೆ, 20ನೇ ತಿದ್ದುಪಡಿಗೆ ಎರಡು ವರ್ಷ ತುಂಬೋಕೆ ಒಂದು ದಿನ ಮುಂಚೆ, ಅದೇ ಪಾರ್ಲಿಮೆಂಟು 21ನೇ ತಿದ್ದುಪಡಿ ತಂದು ಸಾಂವಿಧಾನಿಕ ಮಂಡಳೀನೂ ಖರೀದಿ ಆಯೋಗಾನೂ ವಾಪಸ್ ತಂತು. ಪರವಾಗಿ 179, ವಿರುದ್ಧ ಒಂದೇ ಒಂದು ಓಟು.