ನಳಿಗೆಗೆ ಒಪ್ಪುವ ಗುಂಡು

ನನ್ನ ಹಳೆಯ ರೈಫಲ್ಲಿನ ಗುಂಡುಗಳು ಒಂದೇ ಕಡೆ ಬೀಳದ್ದಕ್ಕೆ ಎರಡು ತಿಂಗಳು ನಾನು ಅದಕ್ಕೆ ತುಂಬುವ ಸಿಡಿಮದ್ದನ್ನೇ ದೂರುತ್ತಿದ್ದೆ. ತೂಕ ಚೂರು ಏರಿಸಿ ನೋಡಿದೆ, ಇಳಿಸಿ ನೋಡಿದೆ, ಬೇರೆ ಮದ್ದನ್ನೂ ತಂದೆ. ಏನು ಮಾಡಿದರೂ 100 ಗಜದಲ್ಲಿ ಐದು ಗುಂಡುಗಳು ಐದಿಂಚು ಹರಡಿಯೇ ಬೀಳುತ್ತಿದ್ದವು. ತಪ್ಪು ಮದ್ದಿನದ್ದಾಗಿರಲಿಲ್ಲ. ಗುಂಡು ನಳಿಗೆಗೆ ಸಣ್ಣದಾಗಿತ್ತು.

ನನ್ನದು 1943ರ ಲೀ-ಎನ್‌ಫೀಲ್ಡ್ ನಂಬರ್ 4, ಎಲ್ಲರ ಬಾಯಲ್ಲೂ ತ್ರೀ ನಾಟ್ ತ್ರೀ. ಗುಂಡು ತಿರುಗುತ್ತಾ ಹೋಗಲಿ ಅಂತ ನಳಿಗೆಯ, ಅಂದರೆ ಬ್ಯಾರೆಲ್ಲಿನ, ಒಳಗೆ ಸುರುಳಿ ಗೀರು ಕೊರೆದಿರುತ್ತಾರೆ. ಯುದ್ಧದ ಅವಸರದಲ್ಲಿ ಐದು ಗೀರುಗಳ ಬದಲು ಎರಡೇ ಗೀರು ಕೊರೆದ ಬ್ಯಾರೆಲ್‌ಗಳು ಬಂದವಲ್ಲ, ಇದರದ್ದೂ ಅಂಥದ್ದೇ. ಆ ಕಾಲದ ಬ್ಯಾರೆಲ್‌ಗಳ ಒಳಅಳತೆ ಒಂದರಂತೆ ಇನ್ನೊಂದು ಇರುವುದಿಲ್ಲ. ಇದು ನನಗೆ ಗೊತ್ತಿದ್ದ ವಿಷಯವೇ. ಆದರೂ ನನ್ನ ರೈಫಲ್ಲನ್ನು ಅಳೆದಿರಲಿಲ್ಲ.

ಕೊನೆಗೂ ಅಳೆದೆ. ತೋಟಾ ಕೂರುವ ಚೇಂಬರ್ ಖಾಲಿ ಇದೆ ಅಂತ ಎರಡು ಸಲ ನೋಡಿ, ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ತೆಗೆದಿಟ್ಟೆ. ಮೆತ್ತನೆಯ ಸೀಸದ ತುಂಡಿಗೆ ಎಣ್ಣೆ ಹಚ್ಚಿ, ಬ್ಯಾರೆಲ್ಲಿನ ಬಾಯಿಂದ ಹಿಂದಕ್ಕೆ ಮೆಲ್ಲಗೆ ತಳ್ಳಿದೆ. ಗೀರುಗಳ ಅಚ್ಚು ಹೊತ್ತು ತುಂಡು ಹೊರಗೆ ಬಂತು. ಎರಡೇ ಗೀರಿದ್ದರೆ ಒಂದು ಅನುಕೂಲ: ಅವು ಎದುರುಬದುರು ಇರುತ್ತವೆ, ಮೈಕ್ರೋಮೀಟರ್ ಸರಿಯಾಗಿ ಕೂರುತ್ತದೆ. ಐದಿದ್ದರೆ ಒಂದರ ಎದುರಿಗೆ ಇನ್ನೊಂದು ಸಿಗುವುದೇ ಇಲ್ಲ, ಅಳೆಯುವುದು ಕಷ್ಟ. ನನ್ನದು 0.314 ಇಂಚು ಬಂತು. ಅಲ್ಲಿಯವರೆಗೆ ಹೊಡೆಯುತ್ತಿದ್ದ ಗುಂಡು 0.311. ಆ ಸೀಸದ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು ಅಲ್ವಾ?

ಮುಂದಿನ ಸಲ ಮೂರು ಬಗೆಯ ಗುಂಡು ತೆಗೆದುಕೊಂಡು ಹೋದೆ. ಮೂರೂ 174 ಗ್ರೇನ್, ಅಂದರೆ ಸುಮಾರು 11.3 ಗ್ರಾಂ. 1910ರಲ್ಲಿ ಬಂದ ಬ್ರಿಟಿಷ್ ಸೇನೆಯ ಮಾರ್ಕ್ 7 ಗುಂಡಿನ ತೂಕವೂ ಇದೇ. ಮೊದಲನೆಯದು ಹಳೆಯ 0.311, ಹಿಂಭಾಗ ದೋಣಿಯ ಹಾಗೆ ಕಿರಿದಾಗಿರುವುದು. ಎರಡನೆಯದೂ 0.311, ಆದರೆ ತಳ ಚಪ್ಪಟೆ. ಮೂರನೆಯದು ಚಪ್ಪಟೆ ತಳದ 0.312. ಮದ್ದು ತುಂಬುವ ಹಿತ್ತಾಳೆಯ ಕೇಸ್ ಒಂದೇ ಬಗೆಯದು, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಒಂದೇ. ಗುಂಡು ಬದಲಾದರೆ ಒತ್ತಡವೂ ಬದಲಾಗುತ್ತದೆ. ಹಾಗಾಗಿ ಒಂದೊಂದಕ್ಕೂ ಲೋಡಿಂಗ್ ಕೈಪಿಡಿ ಹೇಳುವ ಮದ್ದಿನ ಕಡಿಮೆ ತೂಕದಿಂದಲೇ ಮತ್ತೆ ಶುರು ಮಾಡಿದ್ದೆ.

ಒಂದೇ ಬಗೆಯದನ್ನು ಸಾಲಾಗಿ ಹೊಡೆಯಲಿಲ್ಲ. ಹಾಗೆ ಮಾಡಿದರೆ ಬ್ಯಾರೆಲ್ ಬಿಸಿ, ಕಣ್ಣಿನ ದಣಿವು ಎಲ್ಲಾ ಕೊನೆಯ ಗುಂಡಿನ ತಲೆಗೇ ಕಟ್ಟಿದ ಹಾಗಾಗುತ್ತದೆ. ಮೂರು ಟಾರ್ಗೆಟ್ ಹಾಕಿ ಸರದಿಯಂತೆ ಒಂದೊಂದು ಹೊಡೆದೆ, ನಡುವೆ ಎರಡೆರಡು ನಿಮಿಷ ಬಿಟ್ಟೆ. ಬಗೆಗೆ ಹತ್ತರಂತೆ, ಐದೈದರ ಎರಡು ಗ್ರೂಪ್.

ದೋಣಿ ತಳದ್ದು ಮೊದಲ ಮೂರು ಏಟಿಗೆ ಒಂದೂವರೆ ಇಂಚಿನೊಳಗೆ ಬಿತ್ತು! ಅಲ್ಲಿಗೇ ನಿಲ್ಲಿಸಿದ್ದರೆ ಅದೇ ಒಳ್ಳೆಯದು ಅಂತ ಬರೆದಿಟ್ಟು ಮನೆಗೆ ಹೋಗುತ್ತಿದ್ದೆ. ನಾಲ್ಕನೆಯದು ಎಡಕ್ಕೆ ಹಾರಿತು, ಐದನೆಯದು ಮೇಲಕ್ಕೆ. ಗ್ರೂಪ್ ಒಟ್ಟು ಐದೂಕಾಲು ಇಂಚು ಹರಡಿತ್ತು. ಎರಡನೆಯ ಗ್ರೂಪ್ ನಾಲ್ಕೂಮುಕ್ಕಾಲು. ಚಪ್ಪಟೆ ತಳದ 0.311 ಮೂರೂಮುಕ್ಕಾಲು, ಮೂರೂವರೆ. ಅದೇ ತಳದ 0.312 ಎರಡೂವರೆ, ಎರಡೂಮುಕ್ಕಾಲು. ಎಂಬತ್ತು ದಾಟಿದ ರೈಫಲ್, ತೂತಿನ ಸೈಟಿನಲ್ಲಿ ಗುರಿ. ನನಗೆ ಆ ಕಾಗದವನ್ನು ಎಷ್ಟು ಸಲ ನೋಡಿದರೂ ಸಾಲಲಿಲ್ಲ.

ಚಪ್ಪಟೆ ತಳಕ್ಕೆ ಹಿಂದಿನಿಂದ ಒತ್ತಡ ಬಿದ್ದಾಗ ಅದು ಚೂರು ಅಗಲವಾಗಿ ಗೀರುಗಳನ್ನು ತುಂಬುತ್ತದೆ. ಸವೆದ ಬ್ಯಾರೆಲ್ಲಿನಲ್ಲಿ ದೋಣಿ ತಳ ಹಾಗೆ ತುಂಬುವುದಿಲ್ಲ, ಪಕ್ಕದಿಂದ ಅನಿಲ ನುಸುಳುತ್ತದೆ.

ಮನೆಗೆ ಬಂದ ಮೇಲೆ ಖಾಲಿ ಕೇಸುಗಳ ಒಳಗೆ ತುದಿ ಬಗ್ಗಿಸಿದ ತಂತಿ ಹಾಕಿ ಸವರಿ ನೋಡಿದೆ. ಈ ರೈಫಲ್ಲುಗಳ ಚೇಂಬರ್ ಸಡಿಲ, ಕೇಸು ತಳದ ಹತ್ತಿರ ಹಿಗ್ಗಿ ತೆಳುವಾಗುತ್ತದೆ. ತಂತಿ ತಡೆದು ನಿಂತರೆ ಒಳಗೆ ಗೆರೆ ಬಿದ್ದಿದೆ ಎಂದರ್ಥ. ಮತ್ತೆ ತುಂಬಿದರೆ ಅಲ್ಲೇ ಹರಿದುಕೊಳ್ಳಬಹುದು. ಎರಡು ಕೇಸಿನಲ್ಲಿ ತಡೆಯಿತು. ಇಕ್ಕಳದಲ್ಲಿ ಅವುಗಳ ಬಾಯಿ ಜಜ್ಜಿ ಎಸೆದೆ, ಮರೆತು ಯಾರೂ ತುಂಬಬಾರದು ಅಂತ.

0.312ರದ್ದು ಇನ್ನೂ ಇಪ್ಪತ್ತು ಉಳಿದಿವೆ. ಮುಂದಿನ ಸಲ 200 ಗಜಕ್ಕೆ ಹೋಗುತ್ತೇನೆ. ಅಲ್ಲಿ ಮೇಲೆ ಕೆಳಗೆ ಎಷ್ಟು ಹರಡುತ್ತವೆ ಅಂತ ನೋಡಬೇಕು.